ತಕಲಿಯಲ್ಲಿ ಉಣ್ಣೆ ನೂಲುವುದು: ಹುರಿ ಎಲ್ಲಿಗೆ ಓಡುತ್ತದೆ, ನೂಲು ಎಲ್ಲಿ ಕಡಿಯುತ್ತದೆ

ಡೆಕ್ಕನಿ ಕುರಿಯ ಒಂದು ಕೂದಲು ಬೆರಳಿನಷ್ಟು ಉದ್ದವಿದ್ದರೆ ಹೆಚ್ಚು. ಅಂಥ ಗಿಡ್ಡ ಕೂದಲುಗಳಿಂದ ಗಂಟು ಹಾಕದೆ, ಅಂಟು ಹಚ್ಚದೆ ನೂರಾರು ಮೀಟರ್ ನೂಲು ತೆಗೆಯಬಹುದು. ಅವನ್ನೆಲ್ಲ ಒಟ್ಟಿಗೆ ಹಿಡಿದಿಡುವುದು ಹುರಿ, ಅಂದರೆ ಕೂದಲುಗಳನ್ನು ಒಟ್ಟಾಗಿ ತಿರುಚಿದ ಸುತ್ತು, ಒಂದೇ. ಹಿಂಜಿದ ಉಣ್ಣೆಯ ಚೂರೊಂದನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿ: ಕೂದಲುಗಳು ಒಂದರ ಪಕ್ಕದಿಂದೊಂದು ಜಾರಿ, ಸದ್ದಿಲ್ಲದೆ ಎರಡು ಪಾಲಾಗುತ್ತವೆ. ಅಷ್ಟೇ ಉಣ್ಣೆಯನ್ನು ತೊಡೆಯ ಮೇಲೆ ಹೊಸೆದು ಎಳೆಯಿರಿ, ಬಿಡುವುದಿಲ್ಲ. ಹೊಸೆದಾಗ ಕೂದಲುಗಳು ಓರೆಯಾಗಿ ಸುತ್ತಿಕೊಂಡಿರುತ್ತವೆ. ಎಳೆದಷ್ಟೂ ಹೊರಗಿನ ಸುತ್ತು ಒಳಗಿನದನ್ನು ಒತ್ತುತ್ತದೆ, ಒತ್ತಿದಷ್ಟೂ ಘರ್ಷಣೆ ಹೆಚ್ಚುತ್ತದೆ. ಉಣ್ಣೆಗೆ ಇದರ ಜೊತೆಗೆ ಹುಟ್ಟಿನಿಂದ ಬಂದ ಎರಡು ಅನುಕೂಲಗಳಿವೆ. ಕೂದಲಿನ ಮೇಲ್ಮೈಯಲ್ಲಿ ಒಂದರ ಮೇಲೊಂದು ಕೂತ ಸೂಕ್ಷ್ಮ ಚಕ್ಕೆಗಳಿವೆ, ಉದ್ದಕ್ಕೂ ಗುಂಗುರು ಇದೆ. ಹಾಗಾಗಿ ನೂಲಲು ಕಲಿಯುವ ಕೈಗೆ ಹತ್ತಿಗಿಂತ ಉಣ್ಣೆ ಎಷ್ಟೋ ಸುಲಭ.

ತಕಲಿ ಎಂದರೆ ಬಿಲ್ಲೆ ಸಿಕ್ಕಿಸಿದ, ಬುಗುರಿಯಂತೆ ತಿರುಗುವ ಕಡ್ಡಿ. ಅದರ ಕೆಲಸ ಹುರಿ ಕೊಡುವುದು ಮತ್ತು ಆದ ನೂಲನ್ನು ಸುತ್ತಿಟ್ಟುಕೊಳ್ಳುವುದು. ಕೈಯ ಕೆಲಸ ಉಣ್ಣೆಯನ್ನು ಬೇಕಾದಷ್ಟೇ ಬಿಡುವುದು. ಇಷ್ಟು ದಪ್ಪಕ್ಕೆ ಇಷ್ಟು ಹುರಿ ಎಂಬ ಲೆಕ್ಕ ಎಲ್ಲಿ ತಪ್ಪುತ್ತದೋ ಅಲ್ಲಿ ನೂಲು ಕಡಿಯುತ್ತದೆ, ಉಬ್ಬುತ್ತದೆ ಅಥವಾ ಗುಂಗುರುಗಟ್ಟುತ್ತದೆ. ಮುಂದೆ ಬರುವ ವಿಧಾನಗಳೆಲ್ಲ ಈ ಲೆಕ್ಕವನ್ನು ಹಿಡಿತದಲ್ಲಿಡುವ ಉಪಾಯಗಳೇ.

ಚರಕ ಬರುವ ಮೊದಲು ಜಗತ್ತಿನ ಬಹುಪಾಲು ಬಟ್ಟೆಗೆ ನೂಲು ಬಂದದ್ದು ಇಂಥ ಕಡ್ಡಿ-ಬಿಲ್ಲೆಗಳಿಂದಲೇ. ಹರಪ್ಪ, ಮೊಹೆಂಜೊ-ದಾರೊ ಅಗೆತಗಳಲ್ಲಿ ಮಣ್ಣಿನ ತಕಲಿ ಬಿಲ್ಲೆಗಳು ಸಿಕ್ಕಿವೆ. ಚರಕ ಬಂದ ಮೇಲೂ ತಕಲಿ ಉಳಿದದ್ದು ನಡೆಯುತ್ತಾ ನೂಲಬಹುದು ಎಂಬ ಕಾರಣಕ್ಕೆ. ಹಿಮಾಚಲದ ಗದ್ದಿ ಕುರಿಗಾಹಿಗಳು, ಆಂಡಿಸ್ ಪರ್ವತದ ಹೆಂಗಸರು, ನಮ್ಮ ಬಯಲುಸೀಮೆಯಲ್ಲಿ ಮಂದೆಯ ಹಿಂದೆ ಹೋಗುವ ಕುರುಬರು, ಎಲ್ಲರೂ ಇದನ್ನು ಬಳಸಿದ್ದು ಕಾಲು ಮತ್ತು ಕಣ್ಣು ಬೇರೆ ಕೆಲಸದಲ್ಲಿರುವಾಗ ಕೈಯನ್ನು ಸುಮ್ಮನೆ ಬಿಡದಿರಲು.

ತಕಲಿಯ ತೂಕ, ಬಿಲ್ಲೆಯ ಅಗಲ

ಭಾಗಗಳು ಮೂರೇ: ಕಡ್ಡಿ, ಬಿಲ್ಲೆ, ನೂಲು ಸಿಕ್ಕಿಸಲು ಕೊಕ್ಕೆ ಅಥವಾ ಕಚ್ಚು. ಬಿಲ್ಲೆ ಕಡ್ಡಿಯ ಮೇಲ್ತುದಿಯಲ್ಲಿದ್ದರೆ ಕೊಕ್ಕೆ ಬೇಕೇ ಬೇಕು. ಕೆಳತುದಿಯಲ್ಲಿದ್ದರೆ ಕಡ್ಡಿಯ ನೆತ್ತಿಗೆ ಒಂದು ಸರಳ ಕುಣಿಕೆ ಸಾಕು. ಮೇಲೆ ಬಿಲ್ಲೆಯಿರುವ ತಕಲಿಯನ್ನು ತೊಡೆಯ ಮೇಲೆ ಉರುಳಿಸಿ ಜೋರಾಗಿ ತಿರುಗಿಸಬಹುದು. ಕೆಳಗೆ ಬಿಲ್ಲೆಯಿರುವುದು ಹೆಚ್ಚು ಓಲಾಡದೆ ನಿಲ್ಲುತ್ತದೆ. ಕಲಿಯುವವರಿಗೆ ಇವೆರಡರಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಇನ್ನೊಂದು ಬಗೆ ಟರ್ಕಿ ದೇಶದ್ದು. ಅದರಲ್ಲಿ ಬಿಲ್ಲೆಯ ಬದಲು ಅಡ್ಡಡ್ಡ ಸಿಕ್ಕಿಸಿದ ಎರಡು ತೋಳುಗಳಿರುತ್ತವೆ. ನೂಲನ್ನು ಅವುಗಳ ಸುತ್ತ ಸುತ್ತಿ, ತುಂಬಿದ ಮೇಲೆ ಕಡ್ಡಿ ಮತ್ತು ತೋಳುಗಳನ್ನು ಎಳೆದುಕೊಂಡರೆ ಉಂಡೆ ಕೈಗೆ ಬರುತ್ತದೆ. ಬಿಚ್ಚಿದರೆ ಜೇಬಿಗೆ ಹಿಡಿಸುವುದರಿಂದ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು.

ಮುಖ್ಯವಾದದ್ದು ತೂಕ. ತಕಲಿ ನೇತಾಡುವುದು ನೀವು ಈಗಷ್ಟೇ ಮಾಡಿದ ನೂಲಿನಲ್ಲೇ. ಆ ನೂಲು ಅದನ್ನು ಹೊರಲಾರದಿದ್ದರೆ ತಕಲಿ ನೆಲಕ್ಕೆ ಬೀಳುತ್ತದೆ. 15ರಿಂದ 20 ಗ್ರಾಂ ತೂಕದ್ದು ತೆಳು ನೂಲಿಗೆ, 25ರಿಂದ 35 ಗ್ರಾಂ ಮಧ್ಯಮಕ್ಕೆ, 50 ಗ್ರಾಂ ದಾಟಿದ್ದು ದಪ್ಪ ನೂಲಿಗೆ ಇಲ್ಲವೇ ನೂತ ಎರಡು ಎಳೆಗಳನ್ನು ಸೇರಿಸಿ ಜೋಡಿಸುವುದಕ್ಕೆ. ಕಲಿಯಲು 25–30 ಗ್ರಾಂ ಸರಿ. ತೀರಾ ಹಗುರದ್ದು ಬೇಗ ನಿಂತು ಹಿಂದಕ್ಕೆ ತಿರುಗುತ್ತದೆ, ತೀರಾ ಭಾರದ್ದು ಹುರಿ ಕಡಿಮೆಯಿರುವ ನೂಲನ್ನು ಎಳೆದು ಹಾಕುತ್ತದೆ. ಸುತ್ತಿದ ನೂಲೂ ತೂಕವೇ ಎಂಬುದನ್ನು ಬಹಳ ಜನ ಮರೆಯುತ್ತಾರೆ. 25 ಗ್ರಾಂ ತಕಲಿಗೆ 25 ಗ್ರಾಂ ನೂಲು ಸುತ್ತಿದಾಗ ಕೊನೆಯ ಮೀಟರ್ ಹೊರುವುದು 50 ಗ್ರಾಂ. ಮೊದಮೊದಲು ಚೆನ್ನಾಗಿ ಬಂದ ನೂಲು ಆಮೇಲಾಮೇಲೆ ಕಡಿಯತೊಡಗಿದರೆ ಕಾರಣ ಇದೇ. ಬಿಚ್ಚಿ ಖಾಲಿ ಮಾಡಿಕೊಂಡು ಮುಂದುವರಿಯಬೇಕು.

ಒಂದೇ ತೂಕದ ಎರಡು ತಕಲಿಗಳು ಒಂದೇ ರೀತಿ ತಿರುಗುವುದಿಲ್ಲ. ಭಾರ ಅಂಚಿನಲ್ಲಿ ಹರಡಿದ್ದರೆ ನಿಧಾನವಾಗಿ, ಆದರೆ ಬಹಳ ಹೊತ್ತು ತಿರುಗುತ್ತದೆ. ಭಾರ ನಡುವೆ ಕೂಡಿದ್ದರೆ ರಭಸವಾಗಿ ತಿರುಗಿ ಬೇಗ ನಿಲ್ಲುತ್ತದೆ. ದಪ್ಪ ನೂಲಿಗೆ ಹುರಿ ಕಡಿಮೆ ಸಾಕು, ಅದಕ್ಕೆ ಅಗಲ ಬಿಲ್ಲೆ ಹೊಂದುತ್ತದೆ. ತೆಳು ನೂಲಿಗೆ ಹುರಿ ಬಹಳ ಬೇಕು, ಚಿಕ್ಕ ಬಿಲ್ಲೆ ಒಳ್ಳೆಯದು. ಖಾದಿ ಕಾಲದಿಂದ ಅನೇಕ ಮನೆಗಳಲ್ಲಿ ಉಳಿದಿರುವ ಹಿತ್ತಾಳೆ ಬಿಲ್ಲೆಯ, ತೆಳು ಕಬ್ಬಿಣದ ಕಡ್ಡಿಯ ತಕಲಿ ಹತ್ತಿಗಾಗಿ ಮಾಡಿದ್ದು. ಹತ್ತಿಯ ಎಳೆ ಎರಡು-ಮೂರು ಸೆಂಟಿಮೀಟರ್ ಮಾತ್ರ. ಅದಕ್ಕೆ ರಭಸದ ಹುರಿ ಬೇಕು. ಅದರಲ್ಲಿ ಒರಟು ಉಣ್ಣೆ ನೂಲಲು ಹೊರಟರೆ ನಾಲ್ಕು ಸುತ್ತಿಗೆ ನಿಂತುಬಿಡುತ್ತದೆ.

ಮನೆಯಲ್ಲೇ ಮಾಡಿಕೊಳ್ಳಲು ಹಳೆಯ ಸಿ.ಡಿ. ಒಂದು ಸಾಕು. 12 ಸೆಂಟಿಮೀಟರ್ ಅಗಲದ ಸಿ.ಡಿ. ಸುಮಾರು 15 ಗ್ರಾಂ ತೂಗುತ್ತದೆ, ಅದರ ತೂತು 15 ಮಿಲಿಮೀಟರ್. 8 ಮಿಲಿಮೀಟರ್ ದಪ್ಪದ, 25 ಸೆಂಟಿಮೀಟರ್ ಉದ್ದದ ನೇರ ಮರದ ಕಡ್ಡಿ ತೆಗೆದುಕೊಳ್ಳಿ. ಮೇಲ್ತುದಿಯಿಂದ ಮೂರು ಸೆಂಟಿಮೀಟರ್ ಕೆಳಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಮೂರು-ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಸಿ.ಡಿ.ಯನ್ನು ಅದರ ಮೇಲೆ ಒತ್ತಿ ಕೂರಿಸಿ. ನೆತ್ತಿಯ ನಟ್ಟನಡುವೆ ಸಣ್ಣ ಹಿತ್ತಾಳೆ ಕೊಕ್ಕೆ ತಿರುಗಿಸಿ. ಎಲ್ಲ ಸೇರಿ 25 ಗ್ರಾಂ ಆಸುಪಾಸು. ನೋಡಲು ಚೆಂದವಿಲ್ಲ, ಆದರೆ ತೂಕದ ಬಹುಪಾಲು ನಡುವಿನಿಂದ ದೂರ ಹರಡಿರುವುದರಿಂದ ಅಂಗಡಿಯ ಎಷ್ಟೋ ದುಬಾರಿ ತಕಲಿಗಳಿಗಿಂತ ಹೆಚ್ಚು ಹೊತ್ತು ತಿರುಗುತ್ತದೆ. ಓಲಾಡಿದರೆ ಮೊದಲು ಕೊಕ್ಕೆ ನೋಡಿ. ನೂಲು ಹೊರಡುವ ಬಿಂದು ಕಡ್ಡಿಯ ನೇರಕ್ಕೆ ಸರಿಯಾಗಿ ಮೇಲಿರಬೇಕು. ಇಕ್ಕಳದಿಂದ ಒಂದು ಕೂದಲೆಳೆ ಬಾಗಿಸಿದರೂ ಓಲಾಟ ನಿಲ್ಲುವುದುಂಟು.

ಯಾವ ಉಣ್ಣೆ

ಹೊಸಬರಿಗೆ ಮೆರಿನೊ ತಳಿಯ ಕುರಿಯ ಉಣ್ಣೆ ಕೊಡಬೇಡಿ. ಅದು ಮೃದು, ನಿಜ. ಆದರೆ ಕೂದಲು 17ರಿಂದ 22 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಮಾತ್ರ ದಪ್ಪ, ಕಾರ್ಖಾನೆಯಲ್ಲಿ ಬಾಚಿದ ಮೆರಿನೊ ಕೈಯಿಂದ ಜಾರುತ್ತದೆ, ತುಸು ಬಿಗಿಹಿಡಿದರೆ ಮೆತ್ತಿಕೊಳ್ಳುತ್ತದೆ. ಕಲಿಯಲು ಹಿತವಾದದ್ದು 25ರಿಂದ 30 ಮೈಕ್ರಾನಿನ, ಏಳೆಂಟು ಸೆಂಟಿಮೀಟರ್ ಉದ್ದದ, ಕೈಗೆ ತುಸು ತೊಡಕು ಹತ್ತುವ ಉಣ್ಣೆ. ರಾಜಸ್ಥಾನದ ಚೋಕ್ಲಾ, ತಮಿಳುನಾಡಿನ ನೀಲಗಿರಿ ತಳಿಗಳ ಉಣ್ಣೆ ಈ ದಪ್ಪಕ್ಕೆ ಹತ್ತಿರ, ಉದ್ದ ಮಾತ್ರ ಕಡಿಮೆ ಇರಬಹುದು.

ನಮ್ಮಲ್ಲಿ ಸುಲಭವಾಗಿ ಸಿಗುವುದು ಡೆಕ್ಕನಿ ಮತ್ತು ಬಳ್ಳಾರಿ ತಳಿಗಳದ್ದು. ಕೆಂಗುರಿ ಎಂಬ ಕೆಂಪು ಕುರಿ ಮೈತುಂಬ ಉಣ್ಣೆ ಬಿಡುವ ತಳಿಯಲ್ಲ, ಅದನ್ನು ಸಾಕುವುದು ಮಾಂಸಕ್ಕೆ. ಮಾಂಸದ ಬೆಲೆ ಏರಿ ಉಣ್ಣೆಯ ಬೆಲೆ ಇಳಿದ ಮೇಲೆ ಅನೇಕ ಮಂದೆಗಳಲ್ಲಿ ಕರಿ ಕುರಿಯ ಜಾಗಕ್ಕೆ ಇಂಥ ಕೆಂಪು ಕುರಿ ಬಂದಿದೆ. ಹೀಗಾಗಿ ಒಳ್ಳೆಯ ಕರಿ ಉಣ್ಣೆಯನ್ನು ಈಗ ಹುಡುಕಬೇಕು. ಚಳ್ಳಕೆರೆ ಸುತ್ತ, ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಕಡೆ ಕಂಬಳಿ ನೇಯುವವರಲ್ಲಿ ವಿಚಾರಿಸಿದರೆ ದಾರಿ ಸಿಗುತ್ತದೆ.

ಡೆಕ್ಕನಿ ಉಣ್ಣೆ ಸಾಮಾನ್ಯವಾಗಿ 35 ಮೈಕ್ರಾನ್ ದಾಟುತ್ತದೆ. ನಡುನಡುವೆ ಪೊಳ್ಳಾದ, ಗಡಸಾದ ಕೂದಲೂ ಇರುತ್ತವೆ. ಅವು ಬಾಗುವುದಿಲ್ಲ, ಬಣ್ಣ ಹಿಡಿಯುವುದಿಲ್ಲ, ನೂಲಿನಿಂದ ಹೊರಗೆ ಚಾಚಿ ನಿಲ್ಲುತ್ತವೆ. 30 ಮೈಕ್ರಾನ್ ಮೀರಿದ ಕೂದಲಿನ ತುದಿ ಚರ್ಮಕ್ಕೆ ಚುಚ್ಚುತ್ತದೆ. ಕಂಬಳಿ ಚುಚ್ಚುವುದು ಇದರಿಂದಲೇ ಹೊರತು ನೇಯ್ಗೆಯ ದೋಷದಿಂದಲ್ಲ. ಕುತ್ತಿಗೆಗೆ ಸುತ್ತುವ ಮಫ್ಲರಿಗೆ ಇದು ಬೇಡ. ಚೀಲ, ಹಾಸು, ಕೂರುವ ಮಣೆಯ ಹೊದಿಕೆ, ಕಂಬಳಿ ಇವಕ್ಕೆ ಇದರಷ್ಟು ಗಟ್ಟಿಯಾದದ್ದು ಬೇರೆ ಇಲ್ಲ. ಮರಿಯ ಮೈಯಿಂದ ಮೊದಲ ಬಾರಿ ಕತ್ತರಿಸಿದ ಉಣ್ಣೆ ಸಿಕ್ಕರೆ ಬಿಡಬೇಡಿ. ಅದು ಅತಿ ಮೃದು, ಬಣ್ಣವೂ ಕಡುಗಪ್ಪು. ವಯಸ್ಸಾದಂತೆ ಅದೇ ಕುರಿಯ ಉಣ್ಣೆ ಒರಟಾಗುತ್ತದೆ, ಬಣ್ಣ ಕಂದಿಗೋ ಬೂದಿಗೋ ತಿರುಗುತ್ತದೆ.

ಒರಟು ಉಣ್ಣೆಯಲ್ಲಿ ತೆಳು ನೂಲು ಏಕೆ ಬರುವುದಿಲ್ಲ ಎಂಬುದಕ್ಕೆ ಒಂದು ಲೆಕ್ಕವಿದೆ. ಯಂತ್ರದಲ್ಲಿ ನೂತ ನೂಲನ್ನೂ ಅಡ್ಡ ಕತ್ತರಿಸಿ ನೋಡಿದರೆ ಮೂವತ್ತೈದು-ನಲವತ್ತು ಕೂದಲಾದರೂ ಇರಬೇಕು, ಅದಕ್ಕಿಂತ ಕಡಿಮೆಯಾದರೆ ನಿಲ್ಲುವುದಿಲ್ಲ. ಕೂದಲಿನ ದಪ್ಪ 20ರಿಂದ 40 ಮೈಕ್ರಾನಿಗೆ ಎರಡುಪಟ್ಟಾದರೆ ಅದನ್ನು ಅಡ್ಡ ಕತ್ತರಿಸಿದ ಮುಖದ ವಿಸ್ತೀರ್ಣ ನಾಲ್ಕುಪಟ್ಟಾಗುತ್ತದೆ. ಅಂದರೆ ಅಷ್ಟೇ ಕೂದಲಿದ್ದರೂ ಡೆಕ್ಕನಿ ನೂಲು ಮೆರಿನೊ ನೂಲಿನ ನಾಲ್ಕರಷ್ಟು ತೂಗುತ್ತದೆ. ಕೈಯ ಕುಶಲತೆ ಈ ಮಿತಿಯನ್ನು ದಾಟಲಾರದು. ಡೆಕ್ಕನಿಯಲ್ಲಿ ಒಂದೂವರೆ-ಎರಡು ಮಿಲಿಮೀಟರ್ ದಪ್ಪದ ನೂಲನ್ನೇ ಗುರಿಯಾಗಿಟ್ಟುಕೊಳ್ಳಿ.

ತೊಳೆದು, ಹಿಂಜಿ

ಮೊದಲು ಒಣ ಕೆಲಸ. ಹಳೆಯ ಪಂಚೆ ಹಾಸಿ ಉಣ್ಣೆ ಹರಡಿ, ಜಾಲಿ ಮುಳ್ಳು, ಹುಲ್ಲಿನ ಬೀಜ, ಹಿಕ್ಕೆ ಅಂಟಿದ ತುಂಡು ಎಲ್ಲ ಆರಿಸಿ ತೆಗೆಯಿರಿ. ಕತ್ತರಿ ಎರಡು ಸಲ ಆಡಿದಲ್ಲಿ ಒಂದು ಸೆಂಟಿಮೀಟರಿನ ತುಣುಕುಗಳು ಸೇರಿರುತ್ತವೆ. ಒದರಿ ಉದುರಿಸದಿದ್ದರೆ ನೂಲಿನಲ್ಲಿ ಸಣ್ಣ ಸಣ್ಣ ಗಂಟುಗಳಾಗಿ ಕಾಡುವುದು ಇವೇ.

200 ಗ್ರಾಂ ಉಣ್ಣೆಯನ್ನು ತರಕಾರಿಯ ಬಲೆ ಚೀಲದಲ್ಲಿ ಸಡಿಲವಾಗಿ ತುಂಬಿ, ರಾತ್ರಿಯಿಡೀ ತಣ್ಣೀರಲ್ಲಿ ಮುಳುಗಿಸಿಡಿ. ಮಣ್ಣು, ಬೆವರಿನ ಉಪ್ಪು ಅದರಲ್ಲೇ ಹೋಗುತ್ತದೆ. ಬೆಳಿಗ್ಗೆ ನೀರು ಚೆಲ್ಲಿ, ಚೀಲವನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಬೆಚ್ಚಗಾಗಲು ಬಿಡಿ. ಆಮೇಲೆ ಹತ್ತು ಲೀಟರ್ ಬಿಸಿನೀರಿಗೆ, ಸುಮಾರು 60 ಡಿಗ್ರಿ, ಪಾತ್ರೆ ತೊಳೆಯುವ ದ್ರವ ಸೋಪು ಎರಡು ಚಮಚ ಬೆರೆಸಿ, ನೊರೆ ಎಬ್ಬಿಸದೆ ಚೀಲವನ್ನು ಒತ್ತಿ ಮುಳುಗಿಸಿ. ಇಪ್ಪತ್ತು ನಿಮಿಷ ಬಿಡಿ, ನೀರು ತಣ್ಣಗಾಗುವ ಮೊದಲೇ ಎತ್ತಿ. ಎತ್ತಿದ ಮೇಲೆ ಹಾಕುವ ನೀರೂ ಅಷ್ಟೇ ಬಿಸಿಯಿರಬೇಕು. ಬಿಸಿಯಿಂದ ತಣ್ಣಗಿನದಕ್ಕೆ ಹಠಾತ್ತನೆ ಹಾಕಿದರೆ, ಅಥವಾ ಬಟ್ಟೆಯಂತೆ ಉಜ್ಜಿದರೆ, ಕೂದಲಿನ ಚಕ್ಕೆಗಳು ಒಂದಕ್ಕೊಂದು ಸಿಕ್ಕಿ ಇಡೀ ಉಣ್ಣೆ ಚಾಪೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ಬಿಡಿಸಲು ಆಗದು. ಕಲೆ ತೆಗೆಯುವ ಕಿಣ್ವ ಬೆರೆಸಿದ ಬಟ್ಟೆ ಪುಡಿ, ವಾಷಿಂಗ್ ಸೋಡಾ ಎರಡೂ ಬೇಡ. ಉಣ್ಣೆ ಪ್ರೋಟೀನು, ಅವೆರಡೂ ಅದನ್ನೇ ತಿನ್ನುತ್ತವೆ. ನೆರಳಲ್ಲಿ ಒಣಗಿಸಿ.

ಕಂಬಳಿ ಮಾಡುವ ಕಡೆ ಉಣ್ಣೆಯನ್ನು ಬಿಲ್ಲಿನ ಹೆದೆಯಿಂದ ಹಿಂಜಿ ಬಿಡಿಸುವ ರೂಢಿಯಿದೆ. ಮನೆಯಲ್ಲಿ ಅಷ್ಟು ಜಾಗ, ದೂಳಿಗೆ ಅವಕಾಶ ಇರುವುದಿಲ್ಲ. ನಾಯಿಯ ಕೂದಲು ಬಾಚುವ ತಂತಿ ಹಲ್ಲಿನ ಬ್ರಷ್ ಎರಡು ಕೊಂಡರೆ ಸಾಕು. ಒಂದರ ಮೇಲೆ ತೆಳ್ಳಗೆ, ಹಲ್ಲು ಮುಚ್ಚುವಷ್ಟು ಮಾತ್ರ ಉಣ್ಣೆ ಸಿಕ್ಕಿಸಿ, ಇನ್ನೊಂದರಿಂದ ಹಗುರವಾಗಿ ಬಾಚಿ. ಹಲ್ಲಿಗೆ ಹಲ್ಲು ತಾಕಿ ಕರಕರ ಎನ್ನಬಾರದು, ಎಂದರೆ ಕೂದಲು ತುಂಡಾಗುತ್ತಿದೆ ಎಂದೇ ಅರ್ಥ. ನಾಲ್ಕೈದು ಸಲ ಅತ್ತಿಂದಿತ್ತ ವರ್ಗಾಯಿಸಿ ಸಮವಾದ ಮೇಲೆ ಪೆನ್ಸಿಲ್ ಇಟ್ಟು ಸುರುಳಿ ಸುತ್ತಿ ತೆಗೆದರೆ ಹಂಜಿ ಸಿದ್ಧ. ಹೀಗೆ ಸುರುಳಿ ಸುತ್ತಿದ ಹಂಜಿಯಲ್ಲಿ ಕೂದಲುಗಳು ಅಡ್ಡಾದಿಡ್ಡಿ ಇರುವುದರಿಂದ ನೂಲು ನಯವಿಲ್ಲದೆ ಉಬ್ಬಿ ಬೆಚ್ಚಗಿರುತ್ತದೆ. ಉದ್ದಕ್ಕೆ ಬಾಚಿದ ಉಣ್ಣೆಯ ನೂಲು ನಯ, ಗಟ್ಟಿ. ಬೇಸಿಗೆಯ ಒಣ ಹವೆಯಲ್ಲಿ ಉಣ್ಣೆ ಕೈಗೆ ಅಂಟಿ ಹಾರಾಡಿದರೆ ನೀರಿನ ತುಂತುರು ಹಾಕಿ ಅರ್ಧ ಗಂಟೆ ಮುಚ್ಚಿಡಿ.

ನೂಲುವುದು: ಮೊದಲು ಕೂತು, ಆಮೇಲೆ ನೇತುಬಿಟ್ಟು

ತಕಲಿ ತಿರುಗುತ್ತಿರುವಾಗಲೇ ಉಣ್ಣೆ ಬಿಡುವುದು ಎರಡನೆಯ ಪಾಠ. ಮೊದಲ ಪಾಠದಲ್ಲಿ ಎರಡು ಕೆಲಸವನ್ನೂ ಬೇರೆಬೇರೆ ಮಾಡಬೇಕು.

ಅರ್ಧ ಮೀಟರ್ ಉಣ್ಣೆ ದಾರವನ್ನು ಕಡ್ಡಿಗೆ ಬಿಗಿಯಾಗಿ ಕಟ್ಟಿ. ಹತ್ತಿ ದಾರ ಬೇಡ, ಉಣ್ಣೆ ಅದನ್ನು ಕಚ್ಚುವುದಿಲ್ಲ. ನಾಲ್ಕು ಸುತ್ತು ಸುತ್ತಿ ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದು ತುದಿಯಲ್ಲಿ ಸಣ್ಣ ಕುಣಿಕೆ ಮಾಡಿ. ಹಂಜಿಯ ತುದಿಯಿಂದ ಎಂಟು ಸೆಂಟಿಮೀಟರ್ ತೆಳು ಪದರ ಎಳೆದು, ಕುಣಿಕೆಯೊಳಗೆ ತೂರಿಸಿ, ಮಡಚಿ ಹಿಡಿಯಿರಿ. ಬಲಗೈಯವರು ಉಣ್ಣೆಯನ್ನು ಎಡಗೈಯಲ್ಲಿ ಹಿಡಿದರೆ ಸರಾಗ. ಬಲಗೈ ಹೆಬ್ಬೆರಳು-ತೋರುಬೆರಳು ಕುಣಿಕೆಯ ಮೇಲೆ ಚಿವುಟಿದಂತೆ ಇರಲಿ, ಅದು ಬಾಗಿಲು. ಅದರಾಚೆ ಹುರಿ ಹೋಗಬಾರದು.

ಎಡಗೈಯಿಂದ ಕ್ಷಣಕಾಲ ಬಾಗಿಲು ಹಿಡಿದು, ಬಲಗೈಯಿಂದ ತಕಲಿಯನ್ನು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ಜೋರಾಗಿ ತಿರುಗಿಸಿ. ದಾರ ಸಡಿಲಿಸಿದರೆ ಗುಂಗುರಾಗುವಷ್ಟು ಹುರಿ ತುಂಬಿದ ಮೇಲೆ ತಕಲಿಯನ್ನು ಮೊಣಕಾಲ ನಡುವೆ ಸಿಕ್ಕಿಸಿ ನಿಲ್ಲಿಸಿ. ಈಗ ಅವಸರವಿಲ್ಲ. ಬಲಗೈಯಿಂದ ಬಾಗಿಲು ಮುಚ್ಚಿಕೊಂಡು ಎಡಗೈಯನ್ನು ನಾಲ್ಕೈದು ಸೆಂಟಿಮೀಟರ್ ಹಿಂದಕ್ಕೆ ಎಳೆಯಿರಿ. ಕೂದಲುಗಳು ತೆಳುವಾಗಿ ಜಾರಿ ಬರುತ್ತವೆ. ಬಲಗೈ ಚಿವುಟನ್ನು ಬಿಡದೆ ಮೇಲಕ್ಕೆ ಜಾರಿಸಿ, ಹುರಿ ಹಿಂದೆಯೇ ಏರಿ ಬರುತ್ತದೆ. ಮತ್ತೆ ಎಳೆ, ಮತ್ತೆ ಜಾರಿಸು. ಹುರಿ ತೀರಿದಾಗ ಮತ್ತೊಮ್ಮೆ ತಿರುಗಿಸಿ ತುಂಬಿಕೊಳ್ಳಿ.

ಎರಡು ಕೈಗಳ ಅಂತರವೇ ಇಲ್ಲಿನ ಗುಟ್ಟು. ಅದು ಕೂದಲಿನ ಉದ್ದಕ್ಕಿಂತ ಕಡಿಮೆಯಾದರೆ ಒಂದೇ ಕೂದಲನ್ನು ಎರಡೂ ಕೈ ಹಿಡಿದಿರುತ್ತವೆ, ಎಷ್ಟು ಎಳೆದರೂ ಅಲುಗುವುದಿಲ್ಲ. ಬಹಳ ಹೆಚ್ಚಾದರೆ ನಡುವೆ ಯಾವ ಕೈಯೂ ಹಿಡಿಯದ ಕೂದಲು ಉಳಿದು ಉಣ್ಣೆ ಕಿತ್ತು ಬರುತ್ತದೆ. ಆರು ಸೆಂಟಿಮೀಟರಿನ ಉಣ್ಣೆಗೆ ಏಳು-ಎಂಟು ಸೆಂಟಿಮೀಟರ್ ಅಂತರ. ಉಣ್ಣೆ ಬರುತ್ತಿಲ್ಲವೆಂದು ಜೋರು ಮಾಡುವ ಬದಲು ಕೈಯನ್ನು ದೂರ ಸರಿಸಿ ನೋಡಿ, ಹತ್ತರಲ್ಲಿ ಒಂಬತ್ತು ಸಲ ಅಷ್ಟೇ ಬೇಕಾಗಿರುತ್ತದೆ. ಎಡಗೈ ಹಂಜಿಯನ್ನು ಮರಿಹಕ್ಕಿಯಂತೆ ಹಿಡಿದಿರಲಿ. ಬೆವರಿದ ಮುಷ್ಟಿಯಲ್ಲಿ ಒತ್ತಿದ ಉಣ್ಣೆ ಮತ್ತೆ ಹಿಂಜದೆ ಬರುವುದಿಲ್ಲ.

ತೋಳುದ್ದ ನೂಲಾದ ಮೇಲೆ ಸುತ್ತಬೇಕು. ಸುತ್ತುವಾಗ ಸಡಿಲ ಬಿಟ್ಟರೆ ಹುರಿ ತುಂಬಿದ ನೂಲು ತಾನೇ ಸಿಕ್ಕುಗಟ್ಟುತ್ತದೆ, ಸದಾ ಬಿಗಿಯಿರಲಿ. ಬಿಲ್ಲೆಯ ಪಕ್ಕದಲ್ಲಿ ದಪ್ಪ, ದೂರ ಹೋದಂತೆ ಸಣ್ಣ, ಹೀಗೆ ಶಂಕುವಿನ ಆಕಾರಕ್ಕೆ ಸುತ್ತಿ. ಒಂದು ಬದಿಗೆ ಗುಡ್ಡೆಯಾದರೆ ತಕಲಿ ಓಲಾಡುತ್ತದೆ, ಓಲಾಟಕ್ಕೆ ಹೋದ ಶಕ್ತಿ ಹುರಿಗೆ ಸಿಗುವುದಿಲ್ಲ.

ನಾಲ್ಕಾರು ಗ್ರಾಂ ಹೀಗೆ ನೂತ ಮೇಲೆ ಕೈಗೆ ಎಳೆತದ ಅಳತೆ ಸಿಗುತ್ತದೆ. ಆಗ ಎದ್ದು ನಿಂತು ತಕಲಿಯನ್ನು ನೇತುಬಿಡಿ. ಕೆಲಸ ಅದೇ, ಕಾಲದ ಒತ್ತಡ ಮಾತ್ರ ಹೊಸದು. ಕಣ್ಣು ಉಣ್ಣೆಯ ಮೇಲಿದ್ದರೂ ಓರೆನೋಟ ತಕಲಿಯ ಮೇಲಿರಲಿ. ನಿಂತು ಹಿಂದಕ್ಕೆ ತಿರುಗತೊಡಗಿದ ತಕಲಿ ಹಾಕಿದ ಹುರಿಯನ್ನೆಲ್ಲ ಬಿಚ್ಚಿಬಿಡುತ್ತದೆ. ಹೊಸಬರ ತಕಲಿ ಬೀಳುವುದಕ್ಕೆ ಅತಿ ಸಾಮಾನ್ಯ ಕಾರಣ ಇದು.

ಬಸ್ಸಿನಲ್ಲಿ, ರೈಲಿನಲ್ಲಿ ನೇತುಬಿಟ್ಟು ನೂಲುವುದು ಕಷ್ಟ, ಕುಲುಕಾಟಕ್ಕೆ ತಕಲಿ ಪಕ್ಕದವರ ಕಾಲಿಗೆ ಬಡಿಯುತ್ತದೆ. ಅಲ್ಲಿ ಮತ್ತೆ ಮೊಣಕಾಲ ನಡುವಿನ ವಿಧಾನವೇ ಸರಿ. ಸಿದ್ಧ ಹಂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಸಡಿಲವಾಗಿ ಇಡಿ. ಕೊಕ್ಕೆ ಚೀಲದ ಬಟ್ಟೆಗೆ ಸಿಕ್ಕಿ ಬಾಗದಂತೆ ಒಂದು ಬಿರಡೆ ಚುಚ್ಚಿಡಿ. ನಡೆಯುತ್ತಾ ನೂಲುವವರು ಉದ್ದ ಉಣ್ಣೆಯನ್ನು ಮಣಿಕಟ್ಟಿಗೆ ಬಳೆಯಂತೆ ಸುತ್ತಿಕೊಳ್ಳುತ್ತಾರೆ, ಕೈಯೂ ಬಿಡುವಾಗುತ್ತದೆ, ಉಣ್ಣೆಯೂ ಗಾಳಿಗೆ ಹಾರುವುದಿಲ್ಲ.

ಹುರಿ ಎಷ್ಟು, ತುಂಡಾದ ತುದಿ ಏನು ಹೇಳುತ್ತದೆ

ನೂಲಿನ ಮೇಲೆ ಕೂದಲು ಓರೆಯಾಗಿ ಕಾಣುವ ಕೋನ ಸುಮಾರು 25 ಡಿಗ್ರಿಯಿದ್ದರೆ ಹೆಣೆಯುವ ನೂಲಿಗೆ ಸರಿ. ಲೆಕ್ಕ ಹಾಕಿದರೆ ಒಂದು ಮಿಲಿಮೀಟರ್ ದಪ್ಪದ ನೂಲಿಗೆ ಸೆಂಟಿಮೀಟರಿಗೆ ಒಂದೂವರೆ ಸುತ್ತು, ಎರಡು ಮಿಲಿಮೀಟರಿಗೆ ಮುಕ್ಕಾಲು ಸುತ್ತು, ಅರ್ಧ ಮಿಲಿಮೀಟರಿಗೆ ಮೂರು ಸುತ್ತು. ದಪ್ಪ ಅರ್ಧವಾದರೆ ಹುರಿ ಎರಡರಷ್ಟು ಬೇಕು. ಒಂದು ಮಿಲಿಮೀಟರಿನ ಒಂದು ಮೀಟರ್ ನೂಲಿಗೆ ತಕಲಿ 150 ಸುತ್ತು ತಿರುಗಬೇಕಾಗುತ್ತದೆ, ಹೊಸಬರು ಅದರ ಅರ್ಧಕ್ಕೇ ತೃಪ್ತರಾಗುತ್ತಾರೆ.

ಅಳೆಯಲು ಉಪಕರಣ ಬೇಡ. ಆಗಷ್ಟೇ ನೂತ ನೂಲನ್ನು ಒಂದು ಗೇಣು ಸಡಿಲಿಸಿ ಮಡಚಲು ಬಿಡಿ. ತಾನೇ ಸುತ್ತಿಕೊಂಡು ಎರಡೆಳೆಯಾಗುತ್ತದೆ. ಮುಂದೆ ಎಳೆ ಜೋಡಿಸಿದಾಗ ಬರುವ ನೂಲು ಹೆಚ್ಚುಕಡಿಮೆ ಅದೇ. ಮೆಚ್ಚಿಗೆಯಾದರೆ ಹತ್ತು ಸೆಂಟಿಮೀಟರ್ ಕತ್ತರಿಸಿ ರಟ್ಟಿಗೆ ಅಂಟಿಸಿ ಚೀಲದಲ್ಲಿಟ್ಟುಕೊಳ್ಳಿ. ಆಗಾಗ ಅದಕ್ಕೆ ಹೋಲಿಸದಿದ್ದರೆ ನೂಲು ಗೊತ್ತಾಗದಂತೆ ತೆಳುವಾಗುತ್ತಾ ಹೋಗುತ್ತದೆ.

ಹುರಿ ಸಮವಾಗಿ ಹಂಚಿಕೊಳ್ಳುವುದಿಲ್ಲ. ತೆಳುವಾದ ಜಾಗ ಸುಲಭವಾಗಿ ತಿರುಗುತ್ತದೆ, ದಪ್ಪ ಜಾಗ ತಿರುಗಲು ಒಪ್ಪುವುದಿಲ್ಲ. ಹಾಗಾಗಿ ಹುರಿಯೆಲ್ಲ ತೆಳು ಜಾಗಕ್ಕೆ ಓಡಿ ಅಲ್ಲಿ ತಂತಿಯಂತೆ ಗಡುಸಾಗುತ್ತದೆ, ಪಕ್ಕದ ಉಬ್ಬು ಹುರಿಯಿಲ್ಲದೆ ಪುಸುಪುಸು ಉಳಿಯುತ್ತದೆ. ಉಬ್ಬನ್ನು ಸರಿಪಡಿಸಲು ಅದರ ಎರಡೂ ಬದಿಯನ್ನು, ಕೂದಲಿನ ಉದ್ದಕ್ಕಿಂತ ತುಸು ದೂರದಲ್ಲಿ ಚಿವುಟಿ ಹಿಡಿದು, ಹುರಿ ಬಿಚ್ಚುವ ದಿಕ್ಕಿಗೆ ಹೊರಳಿಸುತ್ತಾ ಮೆಲ್ಲಗೆ ಎಳೆಯಿರಿ. ಕೂದಲು ಜಾರಿ ತೆಳುವಾದ ಕೂಡಲೇ ಬಿಡಿ, ಹುರಿ ತಾನೇ ಒಳಗೆ ಬರುತ್ತದೆ.

ನೂಲು ಕಡಿದಾಗ ಬೈದುಕೊಳ್ಳುವ ಮೊದಲು ತುದಿ ನೋಡಿ. ಉದ್ದವಾಗಿ, ಕುಂಚದಂತೆ ಸಣ್ಣಗಾಗುತ್ತಾ ಹೋಗಿದ್ದರೆ ಕೂದಲುಗಳು ಜಾರಿವೆ, ಹುರಿ ಸಾಲದಾಗಿತ್ತು. ಮೊಂಡಾಗಿ, ಸುರುಳಿ ಸುತ್ತಿ ಕಡಿದಿದ್ದರೆ ಆ ಜಾಗ ತೀರಾ ತೆಳುವಾಗಿ ಹುರಿ ಮಿತಿಮೀರಿತ್ತು. ತುದಿ ಅಖಂಡವಾಗಿದ್ದು ತಕಲಿ ಮಾತ್ರ ಬಿದ್ದಿದ್ದರೆ ನೂಲು ಕೊಕ್ಕೆಯಿಂದ ಜಾರಿದೆ, ನೂಲಿನ ತಪ್ಪಲ್ಲ. ಹುರಿ ಬಾಗಿಲು ದಾಟಿ ಹಂಜಿಗೇ ನುಗ್ಗಿದ್ದರೆ, ತಕಲಿ ನಿಲ್ಲಿಸಿ, ಆ ಭಾಗವನ್ನು ಹಿಂದಕ್ಕೆ ಹೊರಳಿಸಿ ಬಿಚ್ಚಿ ಎಳೆಯಿರಿ. ಬಿಚ್ಚದಿದ್ದರೆ ಕಿತ್ತೆಸೆಯುವುದೇ ಲೇಸು.

ಜೋಡಿಸಲು ಗಂಟು ಹಾಕಬೇಡಿ. ನೂಲಿನ ತುದಿಯ ಎಂಟು ಸೆಂಟಿಮೀಟರ್ ಹುರಿ ಬಿಚ್ಚಿ ಕೆದರಿ, ಅಷ್ಟೇ ಉದ್ದದ ತೆಳು ಉಣ್ಣೆಯನ್ನು ಅದರ ಮೇಲೆ ಹಾಸಿ, ಎರಡೂ ಸೇರಿ ಮೊದಲಿನ ದಪ್ಪವೇ ಇರುವಂತೆ ನೋಡಿಕೊಂಡು ಹುರಿ ಬಿಡಿ. ದಪ್ಪದ ಮೇಲೆ ದಪ್ಪ ಹಾಸಿದರೆ ಹುರಿ ಹತ್ತುವುದಿಲ್ಲ, ಎಳೆದಾಗ ಅಲ್ಲೇ ಬಿಡುತ್ತದೆ.

ಎರಡೆಳೆ

ಕಂಬಳಿಗೆ ಒಂಟಿ ಎಳೆಯೇ ಸಾಕು. ಹಾಸು ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ನೂಲಿಗೆ, ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡುತ್ತಾರೆ. ಹೆಣಿಗೆಗೆ ಒಂಟಿ ಎಳೆ ಬಳಸಿದರೆ ಉಳಿದ ಹುರಿ ಬಟ್ಟೆಯನ್ನೇ ಓರೆಗೆ ಎಳೆಯುತ್ತದೆ. ಅದಕ್ಕೆ ಎರಡು ಎಳೆಗಳನ್ನು ಸೇರಿಸಿ ಎದುರು ದಿಕ್ಕಿಗೆ ಹುರಿ ಕೊಡುವುದು. ಗಡಿಯಾರದ ದಿಕ್ಕಿಗೆ ನೂತದ್ದನ್ನು ಅದರ ಎದುರು ದಿಕ್ಕಿಗೆ ಜೋಡಿಸಬೇಕು. ಅದೇ ದಿಕ್ಕಿಗೆ ತಿರುಗಿಸಿದರೆ ಹಗ್ಗದಂತೆ ಗುಂಗುರುಗಟ್ಟುತ್ತದೆ, ನೂಲಾಗುವುದಿಲ್ಲ.

ನೂತದ್ದನ್ನು ಒಂದೇ ಉಂಡೆಯಾಗಿ ಸುತ್ತುವಾಗ ಮೊದಲ ತುದಿಯನ್ನು ಹೊರಗೆ ಬಿಟ್ಟುಕೊಳ್ಳಿ. ಒಳಗಿನ ತುದಿ, ಹೊರಗಿನ ತುದಿ ಎರಡನ್ನೂ ಹಿಡಿದು ಜೋಡಿಸಿದರೆ ಎಳೆ ಸ್ವಲ್ಪವೂ ವ್ಯರ್ಥವಾಗುವುದಿಲ್ಲ. ಎರಡೂ ಎಳೆ ಒಂದೇ ಬಿಗಿಯಲ್ಲಿರಬೇಕು. ಒಂದು ಸಡಿಲವಾದರೆ ಅದು ಇನ್ನೊಂದರ ಸುತ್ತ ಬಳ್ಳಿಯಾಡುತ್ತದೆ. ಇಲ್ಲಿ ಎಳೆತದ ತೊಡಕಿಲ್ಲದ್ದರಿಂದ ಭಾರದ ತಕಲಿ ಬಳಸಿ, 50 ಗ್ರಾಂ ಒಳ್ಳೆಯದು. ಜೋಡಿಸುವಾಗ ಒಂಟಿ ಎಳೆಯ ಹುರಿ ಕೊಂಚ ಬಿಚ್ಚಿಕೊಳ್ಳುತ್ತದೆ, ಅದಕ್ಕೆಂದೇ ನೂಲುವಾಗ ಬೇಕೆನಿಸಿದ್ದಕ್ಕಿಂತ ತುಸು ಹೆಚ್ಚು ಹುರಿ ಹಾಕಿರಬೇಕು.

ಲಡಿ, ನೀರು, ತೂಕ

ಆದ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಹತ್ತಿ ದಾರದಿಂದ ಸಡಿಲವಾಗಿ ಎಂಟರ ಆಕಾರಕ್ಕೆ ಕಟ್ಟಿ. ಕೈಗೆ ಹಿತವಾದ ಬಿಸಿನೀರಿನಲ್ಲಿ, ಸುಮಾರು 40 ಡಿಗ್ರಿ, ಎರಡು ಹನಿ ಸೋಪು ಹಾಕಿ ಇಪ್ಪತ್ತು ನಿಮಿಷ ನೆನೆಸಿ. ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಎರಡು ಕೈಯೊಳಗೆ ಹಿಡಿದು ನಾಲ್ಕು ಸಲ ಝಾಡಿಸಿ, ನೆರಳಲ್ಲಿ ತೂಗುಹಾಕಿ. ನೀರು ತಾಗಿದಾಗ ಕೂದಲು ಹುರಿಯ ಆಕಾರವನ್ನೇ ತನ್ನದಾಗಿಸಿಕೊಂಡು ನೂಲು ಶಾಂತವಾಗುತ್ತದೆ, ತುಸು ಉಬ್ಬುತ್ತದೆ. ಕೆಳಗೆ ಭಾರ ಕಟ್ಟಿ ಒಣಗಿಸಬೇಡಿ. ಆಗ ನೇರವಾದಂತೆ ಕಂಡರೂ ಮೊದಲ ಒಗೆತಕ್ಕೆ ಹೆಣಿಗೆ ಕುಗ್ಗುತ್ತದೆ.

ಲಡಿಯ ಒಂದು ಸುತ್ತು ಒಂದೂವರೆ ಮೀಟರ್, ಸುತ್ತುಗಳು 80 ಇದ್ದರೆ ಉದ್ದ 120 ಮೀಟರ್. ತೂಕ 60 ಗ್ರಾಂ ಬಂದರೆ ಗ್ರಾಮಿಗೆ ಎರಡು ಮೀಟರ್. ಇಷ್ಟು ದಪ್ಪದ ನೂಲಿನಲ್ಲಿ ದೊಡ್ಡವರ ಕುಲಾವಿಗೆ 70–80 ಗ್ರಾಂ ಬೇಕು. ಕುರಿಗಾಹಿಗಳಿಂದ ನೇರ ತಂದ ಡೆಕ್ಕನಿ ಉಣ್ಣೆ ಆರಿಸಿ, ತೊಳೆದು, ಹಿಂಜುವಷ್ಟರಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುವುದುಂಟು. ಹಾಗಾಗಿ 80 ಗ್ರಾಂ ನೂಲು ಬೇಕಿದ್ದರೆ 130 ಗ್ರಾಂ ಕಚ್ಚಾ ಉಣ್ಣೆ ತೂಗಿ ತೆಗೆದುಕೊಳ್ಳಿ. ಒಂದೇ ಕುರಿಯದ್ದಾದರೆ ಇನ್ನೂ ಒಳ್ಳೆಯದು, ಎರಡು ಕುರಿಗಳ ಕಪ್ಪು ಒಂದೇ ಕಪ್ಪಾಗಿರುವುದಿಲ್ಲ.